ಕ್ವಾಜಿ ಎಂದು ಕೂಗಿದವಳು

ಶಿಗೆನೊ ಗುರುವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಳು. ಎಪ್ಪತ್ತೊಂದು ವರ್ಷವಾಗಿತ್ತು.

ಜಪಾನಿನ ಇಜುಮೊ ಸೀಮೆಯ ನಮ್ಮ ಕೊಲ್ಲಿಯೂರಿನಲ್ಲಿ ಚಳಿಗಾಲ ಬಂತೆಂದರೆ ಗಂಡಸರು ದೋಣಿಯ ಮೇಲೆ, ಊರು ಹೆಂಗಸರ ಮೇಲೆ. ಮರದ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಒಂದು ಹೊತ್ತಿದರೆ ಸಾಲೇ ಬೂದಿ. ಅದಕ್ಕೇ ಹೊತ್ತು ಮುಳುಗುತ್ತಲೇ ಹೆಂಗಸರ ಬೆಂಕಿಕಾವಲು ಮರದ ಕೋಲು ತಟ್ಟುತ್ತ ಓಣಿ ಸುತ್ತುತ್ತದೆ. ಮುಂದೆ ನಡೆದು ಕೂಗುತ್ತಿದ್ದವಳು ಶಿಗೆನೊ: "ಒಂದೇ ಬೆಂಕಿಕಡ್ಡಿ, ಕ್ವಾಜಿಗೆ ಬೇರು!"

ಊರಿಗೆ ಬೆಂಕಿ ಬಿದ್ದರೆ ಪೇಟೆಯವರು 'ಕಾಜಿ' ಎನ್ನುತ್ತಾರೆ. ನಮ್ಮ ಹಳಬರ ಬಾಯಲ್ಲಿ ಅದು 'ಕ್ವಾಜಿ'. ಚೀನಾದವರ ಮಾತು ಗ್ರಂಥಗಳ ಜೊತೆ ಕಡಲು ದಾಟಿ ಬಂದಾಗ ಬೆಂಕಿಗೆ ಅವರು ಅನ್ನುತ್ತಿದ್ದ 'ಹ್ವಾ' ನಮ್ಮವರ ನಾಲಿಗೆಗೆ ದಕ್ಕಲಿಲ್ಲ, 'ಕ್ವಾ' ಆಯಿತು. ಅದನ್ನೂ ತುಟಿ ಸುತ್ತಿಕೊಂಡು ಕಲಿಯಬೇಕಾಯಿತು. ಆಮೇಲೆ ಪೇಟೆಗಳ ತುಟಿ ಸಡಿಲಾಯಿತು, ನಮ್ಮದು ಆಗಲಿಲ್ಲ. ಶಾಲೆಯಲ್ಲಿ ಈ ಒಂದು ಸದ್ದಿಗಾಗಿ ಶಿಗೆನೊಳನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ನಿಂತಳು, ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಲಕ್ವ ಹೊಡೆದು ಮಾತು ಹೋಯಿತು.

"ಮೊದಲ ಹಿಮ ಬೀಳೋದರೊಳಗೆ ನಾಲಿಗೆ ಏಳದಿದ್ದರೆ ಕೂಗಿನ ಟೇಪು ಹಾಕಿಸ್ತೀವಿ ಕಣೇ," ಎಂದಳು ಕಾವಲಿನ ಮುಖಂಡೆ ಕಿನುಯೊ. "ಟೋಕಿಯೊ ಹುಡುಗಿಯ ದನಿ, ಬೆಣ್ಣೆ ಸವರಿದ ಹಾಗಿದೆ."

ಬೈಯಲು ಬಾಯಿಲ್ಲದ ಶಿಗೆನೊ ಕೈಯಲ್ಲಿದ್ದ ಮೂಲಂಗಿಯನ್ನೇ ಅವಳತ್ತ ಎಸೆದಳು. ಆ ಟೇಪನ್ನು ಒಂದು ಸಂಜೆ ಹಾಕಿಯೂ ನೋಡಿದರು. ಶಿಗೆನೊ ಕೂಗಿದಾಗೆಲ್ಲ ಕಿಟಕಿ ಸರಿಸಿ ಉತ್ತರ ಕೊಡುತ್ತಿದ್ದ, ಕಿವಿ ಮಂದವಾದ ತೊಮೆ ಅಜ್ಜಿ ಅಂದು ಕಿಟಕಿಯನ್ನೇ ತೆರೆಯಲಿಲ್ಲ. ಅದು ಶಿಗೆನೊಳಿಗೆ ಚುಚ್ಚಿತು.

ಒಂದೊಂದೇ ಮಾತು ಮರಳತೊಡಗಿದಾಗ, ಪಟ್ಟಣದ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೊರಿವಾಕಿ ಉರಿಯುವ ಮನೆಯ ಚಿತ್ರ ಹಿಡಿದಳು. ಶಿಗೆನೊ ಬೆವರಿ ಬೆವರಿ "ಕಾ... ಜಿ" ಎಂದಳು. ಮೊರಿವಾಕಿ ಚಪ್ಪಾಳೆ ತಟ್ಟಿದರೆ ಇವಳು ತಲೆ ಅಲ್ಲಾಡಿಸಿದಳು.

"ಸರಿಯಾಗೇ ಇದೆಯಲ್ಲಮ್ಮಾ!"

"ಅದು... ನಿಮ್ಮೂರ ಬೆಂಕಿ. ನಮ್ಮನೆ ಸುಡೋದು... ಬೇರೆ."

ಮನೆಗೆ ಬಂದವಳೇ ಸ್ನಾನದ ಒಲೆಯ ಮುಂದೆ ಬಿದಿರಿನ ಊದುಗೊಳವೆ ಹಿಡಿದು ಕೂತಳು. ಸೊಟ್ಟ ತುಟಿಯ ಸಂದಿನಿಂದ ಗಾಳಿ ಸೋರಿ ಹೋಯಿತು. ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಊದಿದಳು. ಕೊಳವೆ ತೆಗೆದು ತುಟಿ ಸುತ್ತಿ 'ಕ್ವಾ' ಎನ್ನಹೋದರೆ ಬಂದದ್ದು "ಕಾ". ಮತ್ತೆ ಊದಿದಳು. ದಿನವೂ ಇದೇ. ನೀರು ಕಾದು ಕೊತಕೊತ ಕುದಿದರೂ ಏಳುತ್ತಿರಲಿಲ್ಲ.

"ಯಾಕೇ ಈ ಹಟ? ಆ ಸದ್ದನ್ನ ಚೀನಾದವರು ವಾಪಸ್ ಕೇಳೋಕೆ ಬರ್ತಾರೇನೆ?" ಎಂದಳು ಕಿನುಯೊ.

"ಬಂದ್ರೆ... ನೀನೇನು ಕೊಡ್ತೀ? ಟೇಪಾ?"

ಕಿನುಯೊ ನಕ್ಕು ಪಕ್ಕದಲ್ಲಿ ಕೂತು ಒಲೆಗೆ ಸೌದೆ ತಳ್ಳಿದಳು. ಆಮೇಲೆ ಟೇಪಿನ ಮಾತೆತ್ತಲಿಲ್ಲ.

ಬುಧವಾರ ಸಂಜೆ ಮೊದಲ ಹಿಮ ಉದುರಿತು. ಹತ್ತಿಯ ಮೇಲಂಗಿ ತೊಟ್ಟು ಶಿಗೆನೊ ಮುಂದೆ ನಿಂತಳು. ಕಿನುಯೊ ಕೋಲು ತಟ್ಟಿದಳು. ಮೊದಲ ಕೂಗು ಗಂಟಲಲ್ಲೇ ಮುರಿಯಿತು. ಶಿಗೆನೊ ಕೆನ್ನೆಗೆ ಅಂಗೈ ಒತ್ತಿಕೊಂಡಳು.

"ಒಂದೇ ಬೆಂಕಿಕಡ್ಡಿ... ಕ್ವಾಜಿಗೆ ಬೇರು!"

ತೊಮೆ ಅಜ್ಜಿಯ ಕಿಟಕಿ ಸರಿಯಿತು. "ಇಷ್ಟು ದಿನ ಎಲ್ಲಿ ಸತ್ತಿದ್ದೆಯೇ? ನನ್ನ ಒಲೆ ಆರಿದೆ, ಹೋಗು ಹೋಗು!"

ಶಿಗೆನೊ ಕಡೆಯ ಮನೆಯವರೆಗೂ ಕೂಗಿದಳು. ಮನೆಗೆ ಬಂದು ತನ್ನ ಒಲೆಯ ಕೆಂಡಕ್ಕೆ ನೀರು ಸುರಿದಳು, ಬೂದಿಯ ಮೇಲೆ ಅಂಗೈ ಇಟ್ಟು ತಣ್ಣಗಾಗಿದೆಯೇ ಎಂದು ನೋಡಿದಳು, ಊದುಗೊಳವೆಯನ್ನು ಮೊಳೆಗೆ ತಗುಲಿಹಾಕಿದಳು.