ಒಪ್ಪಲ್ಲ ಅನ್ನುತ್ತಿದ್ದ ಮ್ಯಾಚಿಂಗ್ ಅಕ್ಕ

ಅವರ ತಾಳಿ ಸರದಲ್ಲಿ ತಾಳಿಗಿಂತ ಹೆಚ್ಚಾಗಿ ಕಾಣುತ್ತಿದ್ದುದು ಸೇಫ್ಟಿ ಪಿನ್ನುಗಳು. ನಾಲ್ಕೋ ಐದೋ ಪಿನ್ನು, ಒಂದೊಂದಕ್ಕೂ ಉಗುರಗಲದ ಬಟ್ಟೆ ಚೂರು. ಒಂದು ಮಾವಿನಕಾಯಿ ಹಸಿರು, ಒಂದು ಅರಗಿನ ಕೆಂಪು, ಇನ್ನೊಂದು ಹೆಸರೇ ಹೇಳಲಾಗದ ಬೂದಿ. ಯಾರ್ಯಾರದೋ ಸೀರೆಯ ಮಡಿಕೆಯ ಒಳಗಿಂದ ಕತ್ತರಿಸಿಕೊಂಡ ಚೂರುಗಳು ಅವು. ಅಂಗಡಿಯಲ್ಲಿ ಆ ಬಣ್ಣದ ಬ್ಲೌಸ್ ಪೀಸ್ ಇಲ್ಲದಿದ್ದರೆ ಹೀಗೆ ಚುಚ್ಚಿಟ್ಟುಕೊಂಡು, ಮುಂದಿನ ಸಲ ಚಿಕ್ಕಪೇಟೆಗೆ ಹೋದಾಗ ಹುಡುಕಿ ತರುತ್ತಿದ್ದರು. ಅವರು ಬೀಸಾಗಿ ನಡೆದರೆ ನಮ್ಮ ಬೀದಿಯ ಹೆಂಗಸರ ಸೀರೆಗಳೆಲ್ಲ ಅವರ ಎದೆಯ ಮೇಲೆ ಅಲ್ಲಾಡುತ್ತಿದ್ದವು.

ಬೆಂಗಳೂರಿನ ಅಂಚಿನ ನಮ್ಮೂರು ಸಿಂಗಾಪುರದಲ್ಲಿ ಅವರು ಎಲ್ಲರಿಗೂ ಮ್ಯಾಚಿಂಗ್ ಅಕ್ಕ. ಹೊಲವೆಲ್ಲ ಲೇಔಟಾದ ಮೇಲೆ ಅವರ ಮನೆಯವರು ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲಾಗಿ ಮೂರು ಮಳಿಗೆ ಕಟ್ಟಿಸಿದರು. ಎರಡನ್ನು ಬಾಡಿಗೆಗೆ ಕೊಟ್ಟರು. ಮೂರನೆಯದು ನನಗಿರಲಿ ಎಂದು ಹಟ ಹಿಡಿದು ಅಕ್ಕ ಮ್ಯಾಚಿಂಗ್ ಸೆಂಟರ್ ಇಟ್ಟರು. ಓದಿದ್ದು ನಾಲ್ಕನೇ ಕ್ಲಾಸು. ಹಸಿರು ಅವರ ಬಾಯಲ್ಲಿ ಅಸುರು, ಹಳದಿ ಅಳದಿ. ಆದರೆ ನಾನು ಹಸಿರು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಬಣ್ಣದಲ್ಲಿ ಅವರಿಗೆ ಗಿಣಿ ಅಸುರು, ಪಾಚಿ ಅಸುರು, ಅವರೆಕಾಯಿ ಅಸುರು, ರಾಗಿ ಪೈರಿನ ಅಸುರು ಎಲ್ಲ ಬೇರೆ ಬೇರೆ ಇದ್ದವು.

ಅಂಗಡಿಯ ಟ್ಯೂಬ್‌ಲೈಟನ್ನು ಅವರು ನಂಬುತ್ತಿರಲಿಲ್ಲ. ಬಟ್ಟೆಯನ್ನೂ ಗಿರಾಕಿಯನ್ನೂ ಹೊರಗಿನ ಮೆಟ್ಟಿಲಿಗೆ ಕರೆತಂದು, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿಯುತ್ತಿದ್ದರು. ನಾವೆಲ್ಲ ಬಟ್ಟೆ ನೋಡುತ್ತಿದ್ದರೆ ಅವರು ನೋಡುತ್ತಿದ್ದುದು ಮುಖವನ್ನು. ಬಟ್ಟೆ ಹಿಡಿದ ಕೂಡಲೇ ಮುಖ ಬೆಳಗಿತೋ, ಬಾಡಿತೋ, ಕಣ್ಣ ಕೆಳಗಿನ ಕಪ್ಪು ಎದ್ದು ಬಂತೋ ಅಷ್ಟೇ ಅವರ ಲೆಕ್ಕ. ಬಾಡಿದರೆ ಒಂದೇ ಮಾತು: "ಒಪ್ಪಲ್ಲ." ಕಾರಿನಲ್ಲಿ ಬಂದವರಿಗೂ ಅದೇ ಮಾತು, ಮನೆಗೆಲಸದವರಿಗೂ ಅದೇ. ವ್ಯಾಪಾರ ಕೈತಪ್ಪಿದರೂ ಆ ಮಾತು ಬದಲಾಗುತ್ತಿರಲಿಲ್ಲ.

ನನಗೆ ಆಗ ಇಪ್ಪತ್ತಮೂರು. ಮನೆಯಲ್ಲಿ ಕಪ್ಪಗಿರುವವಳು ನಾನೊಬ್ಬಳೇ. ಅದಕ್ಕೆ ಅಮ್ಮ ಕಂಡುಕೊಂಡಿದ್ದ ಉಪಾಯವೆಂದರೆ ತಿಳಿ ಬಣ್ಣ. ಚಿಕ್ಕಂದಿನಿಂದ ನನಗೆ ತಿಳಿ ಗುಲಾಬಿ, ಕೆನೆ, ತಿಳಿ ನೇರಳೆ ಬಿಟ್ಟು ಬೇರೆ ಗೊತ್ತಿರಲಿಲ್ಲ. ಎರಡು ಸಲ ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದರು, ಎರಡು ಸಲವೂ ಉತ್ತರ ಬಂದಿರಲಿಲ್ಲ. ಮೂರನೆಯವರು ಬರುವ ವಾರ ಅಮ್ಮ ಒಂದು ಪೀಚ್ ಬಣ್ಣದ ಸೀರೆ ಹಿಡಿದು ಬ್ಲೌಸ್ ಪೀಸಿಗೆಂದು ನನ್ನನ್ನು ಅಕ್ಕನ ಅಂಗಡಿಗೆ ಕರೆದೊಯ್ದರು.

ಅಕ್ಕ ಸೆರಗನ್ನು ನನ್ನ ಗಲ್ಲದ ಕೆಳಗೆ ಹಿಡಿದರು. "ಒಪ್ಪಲ್ಲ."

"ಬಣ್ಣ ಒಪ್ಪದಿದ್ರೆ ಪರವಾಗಿಲ್ಲ ಅಕ್ಕ, ಭಾನುವಾರ ಬರೋರು ಒಪ್ಪಿದ್ರೆ ಸಾಕು," ಅಂದರು ಅಮ್ಮ.

"ಅವ್ರ್ ಒಪ್ಪೋದು ಆಮೇಲಾಯ್ತು. ಮೊದ್ಲು ಬಣ್ಣ ಒಪ್ಲಿ."

ಹಾಗೆ ಹೇಳಿ ಒಳಗಿನಿಂದ ಬಟ್ಟೆ ಸುತ್ತಿಟ್ಟ ಥಾನುಗಳನ್ನು ತಂದು ಒಂದಾದ ಮೇಲೊಂದು ಹಿಡಿಯತೊಡಗಿದರು. ಇಟ್ಟಿಗೆ ಕೆಂಪಿಗೆ "ಊಂ" ಅಂದರು. ಸಾಸಿವೆ ಹಳದಿಗೆ "ನಡೀತದೆ" ಅಂದರು. ನವಿಲು ನೀಲಿ ಹಿಡಿದಾಗ ಮಾತ್ರ ನನ್ನ ಮುಖ ನೋಡುತ್ತಾ ತಾವೇ ನಕ್ಕುಬಿಟ್ಟರು. ಅಮ್ಮನಿಗೆ ಗಾಬರಿ.

"ಇಷ್ಟು ಗಾಢ ಹಾಕಿದ್ರೆ ಇನ್ನೂ ಕಪ್ಪಾಗಿ ಕಾಣ್ತಾಳೆ ಅಕ್ಕ."

"ಕಪ್ಪಗಿರೋಳು ಕಪ್ಪಗೇ ಕಾಣ್ತಾಳೆ, ಅದ್ಕೇನೀಗ? ತಿಳಿ ಬಣ್ಣ ಆಕಿ ಆಕಿ ಮಗೀನ ಮೊಕದ ಕಳೆನೇ ಒರೆಸಾಕ್ಬಿಟ್ಟಿದ್ದೀಯ ಕಣಮ್ಮ."

ಕಪ್ಪು ಅನ್ನುವ ಮಾತನ್ನು ನನ್ನೆದುರು ಯಾರೂ ಅಷ್ಟು ಸಲೀಸಾಗಿ, ಮಳೆ ಬಂತು ಅನ್ನುವ ಹಾಗೆ ಹೇಳಿರಲಿಲ್ಲ. ನನಗೆ ಅಳು ಬರಬೇಕಿತ್ತು, ಬರಲಿಲ್ಲ. ಅಮ್ಮನ ಮದುವೆ ಕಾಲದ ನವಿಲು ನೀಲಿ ಸೀರೆಯೊಂದು ನನಗಲ್ಲ ಎಂದು ಪೆಟ್ಟಿಗೆಯ ಅಡಿಯಲ್ಲಿ ಕೂತಿತ್ತು. ಅಕ್ಕ ಅದನ್ನೇ ತರಿಸಿ ಅದಕ್ಕೆ ಬ್ಲೌಸ್ ಪೀಸ್ ಕೂಡಿಸಿ ಕೊಟ್ಟರು.

ಆ ಸಂಬಂಧವೂ ಆಗಲಿಲ್ಲ. ಹುಡುಗ ಇದ್ದಷ್ಟು ಹೊತ್ತೂ ಮೊಬೈಲ್ ನೋಡಿದ. ಆದರೆ ಹಿಂದಿನ ಸಲಗಳ ಹಾಗೆ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಉಳಿದಿದ್ದ ಕೇಸರಿಬಾತನ್ನೆಲ್ಲ ಸೀರೆ ಬಿಚ್ಚದೇ ತಿಂದು ಮುಗಿಸಿ, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಅಲ್ಲಿದ್ದವಳು ನನಗೆ ಇಷ್ಟವಾಗಿದ್ದಳು.

ಮುಂದೆ ಯಲಹಂಕದಲ್ಲಿ ಕೆಲಸ ಸಿಕ್ಕಿತು, ಮೊಬೈಲ್ ನೋಡದ ಒಬ್ಬನ ಜೊತೆ ಮದುವೆಯೂ ಆಯಿತು. ಮನೆ ಮಾಡಿದ್ದು ಅಕ್ಕನ ಅಂಗಡಿಯಿಂದ ಎರಡು ಬೀದಿಯಾಚೆಗೇ. ಅಕ್ಕನ ಮೆಟ್ಟಿಲು ಹತ್ತದೆ ನಾನು ಒಂದು ಕರ್ಚೀಫನ್ನೂ ಕೊಂಡವಳಲ್ಲ.

ಒಂದು ಸಲ ಅದೇ ನೀಲಿ ಸೀರೆ ಒಯ್ದೆ. ಹಳೆಯ ಬ್ಲೌಸು ಬಿಗಿಯಾಗಿತ್ತು, ಹೊಸದು ಬೇಕಿತ್ತು. ಅಕ್ಕ ಥಾನುಗಳನ್ನು ಬಹಳ ಹೊತ್ತು ತಡಕಾಡಿ ಒಂದು ಪೀಸ್ ಕತ್ತರಿಸಿ, ಮೆಟ್ಟಿಲಿಗೆ ತಂದು ಸೀರೆಗೆ ಜೋಡಿಸಿ ಹಿಡಿದರು. "ನೋಡು, ಎಂಗ್ ಕೂತ್ಕಂತು."

ಅದು ಹಸಿರು. ಅನುಮಾನವೇ ಇಲ್ಲದ ಹಸಿರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ನಾನು ಹೂಂ ಅನ್ನಲಿ ಎಂದು ಕಾಯುತ್ತಿದ್ದರು. ಹೂಂ ಅಂದೆ. ಆಮೇಲೆ ಅವರೇ, "ಈಗಿನ್ ಬಣ್ಣಾನೇ ಸರಿ ಇಲ್ಲ ಕಣೆ. ಅದೇನ್ ಮಿಲ್ಲೋ, ಎಲ್ಲಾದ್ಕೂ ಟೀ ಬೆರೆಸ್ದಂಗೆ ಮಾಡ್ತಾರೆ," ಅಂದರು.

ಅಕ್ಕನಿಗೆ ಬಣ್ಣ ಸರಿಯಾಗಿ ಕಾಣುತ್ತಿಲ್ಲವೆಂದೂ, ಅಂಗಡಿಗೆ ಜನ ಕಡಿಮೆಯಾಗಿದ್ದು ಅದಕ್ಕೇ ಎಂದೂ ಆಗ ಹೊಳೆಯಿತು. ಜೊತೆಗೆ ಎದುರಿಗೆ ದೊಡ್ಡ ಶೋರೂಮ್ ಬಂದಿತ್ತು, ಮಳಿಗೆಯನ್ನು ಬಾಡಿಗೆಗೆ ಕೊಡೋಣ ಎಂದು ಅಕ್ಕನ ಮಗ ಗೊಣಗುತ್ತಿದ್ದ. ಇವರ ಬಳಿ ಉಳಿದಿದ್ದುದು ಊರು ನಂಬಿದ್ದ ಆ ಕಣ್ಣು ಒಂದೇ. ಅದೇ ಸರಿಯಿಲ್ಲ ಎಂದು ನಾನು ಹೇಗೆ ಹೇಳಲಿ? ಹಸಿರು ಬ್ಲೌಸನ್ನೇ ಹೊಲಿಸಿ ಹಾಕಿಕೊಂಡೆ. ಕೇಳಿದವರಿಗೆಲ್ಲ ಕಾಂಟ್ರಾಸ್ಟ್ ಅಂದೆ. ಹೀಗೆ ಮೂರು ವರ್ಷ ಅವರು ಕೊಟ್ಟದ್ದನ್ನೆಲ್ಲ ತಂದು ಹಾಕಿಕೊಂಡು, ಅದನ್ನೇ ದೊಡ್ಡ ಪ್ರೀತಿ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನಾನು ಫಾಲ್ಸ್ ಕೊಳ್ಳಲು ಹೋದಾಗ ಶೆಟ್ಟಿಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ಮಗಳ ಮುಹೂರ್ತದ ಸೀರೆಯನ್ನು ಗಲ್ಲಾದ ಮೇಲೆ ಹಾಸಿಕೊಂಡು ನಿಂತಿದ್ದರು. ಪಕ್ಕದಲ್ಲಿ ಆಗಲೇ ಹೊಲಿಸಿಯಾಗಿದ್ದ ಬ್ಲೌಸು. "ನಿಮಗೆ ಕಣ್ಣ್ ಕಾಣ್ಸಲ್ವಾ? ನಾಡಿದ್ದು ಮದುವೆ, ನಾನೀಗ ಏನ್ ಮಾಡ್ಲಿ?" ಅಂದು ಅವರು ಅಳುತ್ತಾ ಹೋದರು. ಅಕ್ಕ ಆ ಬ್ಲೌಸಿನದೇ ಉಳಿದ ಪೀಸನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದರು.

"ನೀನ್ ಏಳು. ಇದು ನೀಲಿನಾ ಅಸುರಾ?"

"ಹಸಿರು ಅಕ್ಕ."

"ಮತ್ತೆ ನಿಂಗ್ ಕೊಟ್ನಲ್ಲ, ಆ ಸೀರೆಗೆ?"

"ಅದೂ ಹಸಿರೇ."

ಅವರು ನನ್ನ ಮುಖವನ್ನೇ ನೋಡಿದರು, ಬಟ್ಟೆ ಹಿಡಿದಾಗ ನೋಡುತ್ತಿದ್ದ ಹಾಗೆ. "ನಾನು ನಿನ್ನ ಮೊಕಕ್ಕೇ ಒಪ್ಪಲ್ಲ ಅಂದೋಳು. ಒಂದ್ ಸಲ ನಂಗ್ ಅಂಗ್ ಅನ್ನೋಕೆ ನಿಂಗೇನಾಗಿತ್ತೆ?"

ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂದರು. ಒಂದಾದ ಮೇಲೊಂದು ತೆಗೆಸಿದ್ದಾಯಿತು. ಕಪ್ಪು ಕನ್ನಡಕ ತೆಗೆದ ದಿನ ಅಕ್ಕ ಅಂಗಡಿಯ ಥಾನುಗಳನ್ನೆಲ್ಲ ಇಳಿಸಿ ನೆಲದ ಮೇಲೆ ಹರವಿಕೊಂಡು ನಡುವೆ ಕೂತಿದ್ದರು. "ಎಷ್ಟೊಂದ್ ನೀಲಿ ಐತಲ್ಲೇ," ಅಂದರು. ಆಮೇಲೆ ನನ್ನ ಬ್ಲೌಸು ನೋಡಿ, "ಅಯ್ಯೋ, ಇದ್ನ ಆಕ್ಕಂಡು ಊರೆಲ್ಲ ತಿರುಗಿದ್ದೀಯಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರು ನಗುತ್ತಿದ್ದಾಗಲೇ ನನಗೆ ಹೊಳೆದಿದ್ದು, ಇವರ ಗಲ್ಲದ ಕೆಳಗೆ ಯಾರೂ ಎಂದೂ ಬಟ್ಟೆ ಹಿಡಿದಿಲ್ಲ ಎಂದು. ಸದಾ ಒಂದು ಮಾಸಲು ಕಂದು ಸೀರೆ, "ನನ್ನ ಯಾರ್ ನೋಡ್ತಾರೆ" ಅನ್ನುವುದೊಂದು ಮಾತು. ಕೈ ಹಿಡಿದು ಮೆಟ್ಟಿಲಿಗೆ ಎಳೆತಂದೆ. ಹೊಸ ಹುಡುಗಿಯ ಹಾಗೆ ಕಣ್ಣು ಮುಚ್ಚಿಕೊಂಡರು. ಆರೇಳು ಬಣ್ಣ ಹಿಡಿದೆ, ನೇರಳೆ ಹಣ್ಣಿನ ಬಣ್ಣಕ್ಕೆ ಮುಖ ಬೆಳಗಿತು. "ಒಪ್ತಾ?" ಅಂದರು ಕಣ್ಣು ತೆರೆಯದೇ. ಒಪ್ಪುತ್ತೆ ಅಂದೆ. ಆ ತಿಂಗಳೇ ನೇರಳೆ ಸೀರೆ ಬಂತು.

ಕನ್ನಡಕ ತೆಗೆದ ಆ ದಿನವೇ ನವಿಲು ನೀಲಿ ಥಾನಿನಿಂದ ಒಂದು ಚೂರು ಕತ್ತರಿಸಿ ತಾಳಿ ಸರದ ಪಿನ್ನಿಗೆ ಚುಚ್ಚಿಕೊಂಡರು. ಯಾರ ಸೀರೆಗೆ ಎಂದು ಕೇಳಿದೆ. "ಯಾರ್ದೂ ಅಲ್ಲ. ದಿನಾ ಬೆಳಗ್ಗೆ ಬಿಸಿಲ್ಗೆ ಇಡ್ಕಂಡು ನೋಡ್ತೀನಿ, ನನ್ ಕಣ್ಣು ಸರಿ ಐತಾ ಅಂತ. ನಿನ್ನಂತೂ ಕೇಳಲ್ಲ. ನೀನ್ ಸುಳ್ಳಿ ಕಣೆ," ಎಂದು ಕೆನ್ನೆ ಹಿಂಡಿದರು.

ಅಂಗಡಿ ಮತ್ತೆ ನಡೆಯಿತು. ಆರು ವರ್ಷ ಕಳೆದ ಮೇಲೆ, ಹೋದ ಚಳಿಗಾಲದಲ್ಲಿ, ಎದೆನೋವೆಂದು ಮಲಗಿದವರು ನಾಲ್ಕೇ ದಿನದಲ್ಲಿ ಹೋದರು. ನಾನು ಹೋದಾಗ ನೇರಳೆ ಸೀರೆ ಉಡಿಸಿದ್ದರು. ಒಪ್ಪಿತ್ತು.

ತಿಥಿ ಮುಗಿದ ಮೇಲೆ ಅವರ ಯಜಮಾನರು ನನ್ನನ್ನು ಅಂಗಡಿಯ ಹತ್ತಿರ ಕರೆದು ಒಂದು ಪಿನ್ನನ್ನು ಕೈಗಿಟ್ಟರು. ಅದೇ ಚೂರು. "ಇದು ನಿಂಗೇ ಸೇರ್ಬೇಕಂತೆ ಕಣವ್ವ. ದಿನಾ ಬೆಳಗ್ಗೆ ಇದ್ನ ನೋಡೋಳು. ಈಚೀಚೆಗೆ ಯಾಕೋ ಮಾಸ್ದಂಗೆ ಕಾಣ್ತದೆ, ಕಣ್ಣು ಮತ್ತೆ ಓಯ್ತೇನೋ ಅಂತ ಎದ್ರೋಳು. ನಾನು ಇಲ್ಲ ಕಣೆ, ನೀಲಿನೇ ಐತೆ ಅಂತ ಏಳ್ತಿದ್ದೆ. ಆಸ್ಪತ್ರೆಲೂ ಅಂಗೇ ಏಳ್ದೆ."

ಮೆಟ್ಟಿಲಿಗೆ ಹೋಗಿ ಚೂರನ್ನು ಬಿಸಿಲಿಗೆ ಹಿಡಿದೆ. ಆರು ವರ್ಷ ಬಿಸಿಲು ಕಂಡ ಬಟ್ಟೆ ಬೂದಿಯಾಗಿತ್ತು. ಪಿನ್ನಿನ ಅಡಿಯಲ್ಲಿ ಮಾತ್ರ ಒಂದೆಳೆ ನೀಲಿ ಉಳಿದಿತ್ತು. ಸೀರೆ ಬಿಸಿಲಿಗೆ ಒಣಹಾಕಬೇಡಿ, ಬಣ್ಣ ಹೋಗುತ್ತೆ ಎಂದು ಊರಿಗೆಲ್ಲ ಹೇಳುತ್ತಿದ್ದವರು, ತಮ್ಮ ವಿಷಯ ಬಂದಾಗ ಬಟ್ಟೆಯನ್ನು ಬಿಟ್ಟು ಕಣ್ಣನ್ನೇ ಅನುಮಾನಿಸಿದ್ದರು.

"ಅಣ್ಣ, ಬಟ್ಟೇನೇ ಮಾಸಿದೆ," ಅಂದೆ. "ಅಕ್ಕನ ಕಣ್ಣು ಸರಿಯಾಗೇ ಇತ್ತು."

ಅವರು ಚೂರನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಅಂಗಾದ್ರೆ ಬೂದೀನ ನೀಲಿ ಅಂತ ಅವ್ಳಿಗೆ ನಾನೇ ಸುಳ್ಳೇಳ್ದ್ನಾ?"

ಅದೇ ಸುಳ್ಳನ್ನು ಮೂರು ವರ್ಷ ಹೇಳಿದವಳು ನಾನು. ಅಕ್ಕ ನನ್ನನ್ನು ನಿಲ್ಲಿಸುತ್ತಿದ್ದ ಮೆಟ್ಟಿಲ ಮೇಲೆ ಅಣ್ಣನ ಪಕ್ಕದಲ್ಲಿ ಕೂತುಕೊಂಡೆ.