ತವರಿಗೆ ಹೊರಟ ನಾಯಿ

ನಮ್ಮ ನಾಯಿ ಬಸುರಿ ಎಂದು ಗೊತ್ತಾದ ದಿನ ಅತ್ತೆ ಊಟಕ್ಕೆ ಕುಳಿತಲ್ಲೇ ತೀರ್ಪು ಕೊಟ್ಟರು: "ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು. ಖಾನಾಪುರಕ್ಕ ಕಳಿಸ್ರಿ."

ಅವಳ ತವರು ಖಾನಾಪುರದ ಕಾಕು ಮನೆ. ಕಾಕು ನನ್ನ ಗಂಡನ ಗೆಳೆಯನ ತಾಯಿ; ಮನೆಯವರೊಡನೆ ಮರಾಠಿ, ನಮ್ಮೊಡನೆ ಕನ್ನಡ. ಮೂರು ವರ್ಷದ ಹಿಂದೆ ಅವರ ನಾಯಿ ಹಾಕಿದ ಮರಿಯನ್ನು ನಾವು ಬೆಳಗಾವಿಗೆ ತಂದುಕೊಂಡೆವು. ಅಂದಿನಿಂದ ಸದಾಶಿವನಗರದ ನಮ್ಮ ಮನೆಯಲ್ಲಿ ಅತ್ತೆ ಅವಳನ್ನು ಒಂದು ಸಲವೂ ಮುಟ್ಟಿಲ್ಲ. ಅವಳು ಮಲಗೆದ್ದ ಜಾಗಕ್ಕೆ ನೀರು ಚಿಮುಕಿಸಿಯೇ ಕೂರುವವರು. ಇಂಥವರಿಗೆ ಇದ್ದಕ್ಕಿದ್ದಂತೆ ನಾಯಿಯ ತವರು ನೆನಪಾದದ್ದೇಕೆ ಎಂಬುದು ನನಗೆ ತಿಳಿಯದ್ದೇನಲ್ಲ. ಹೊಲಸೆಲ್ಲ ಬೇರೆ ಮನೆಯಲ್ಲಿ ಆಗಲಿ ಎಂಬ ಲೆಕ್ಕಾಚಾರ, ಅಷ್ಟೆ.

ಆದರೆ ಅಂಥ ಮಜದ ಮಾತನ್ನು ಬಿಡುವ ಪೈಕಿ ನಾನೂ ಅಲ್ಲ. ಕೂಡಲೇ ಕಾಕುಗೆ ಫೋನ್ ಮಾಡಿದೆ. "ನಿಮ್ಮ ಮಗಳು ಬಸರಿ ಅದಾಳ್ರಿ. ಕರಕೊಂಡ ಹೋಗಾಕ ಯಾವಾಗ ಬರ್ತೀರಿ?"

ನಗುತ್ತಾರೆ ಅಂದುಕೊಂಡಿದ್ದೆ. "ಅಗ ಬಾಯಿ! ನನ್ನ ಮೊಣಕಾಲ ಕೆಟ್ಟಾವ, ನೀವ ಬಿಟ್ಟ ಹೋಗ್ರಿ. ಕುಬಸ ಇಲ್ಲೇ ಮಾಡೂಣು" ಎಂದುಬಿಟ್ಟರು. ನಾಯಿಗೆ ಕುಬಸ! ಬಸುರಿ ಹೆಂಗಸರಿಗೆ ಹಸಿರು ಉಡಿಸಿ ಮಾಡುವ ಆ ಶಾಸ್ತ್ರ ನಾಯಿಗೆ ಆಗುವುದನ್ನು ನೋಡದೆ ನಾನು ಸಾಯುವಂತಿರಲಿಲ್ಲ.

ಅದೇ ವಾರ ಬೆಳಗಾವಿಯ ದನದ ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ, "ನಾಯಿ ಸಣ್ಣದು, ಮರಿ ದೊಡ್ಡದದ. ಎಲ್ಲಿಗೂ ಒಯ್ಯಬ್ಯಾಡ್ರಿ. ಎರಡು ತಾಸು ತಿಣುಕಿದ್ರೂ ಮರಿ ಬರಲಿಲ್ಲಂದ್ರ ಆಪರೇಷನ್ ಮಾಡಬೇಕಾಗ್ತದ, ಇಲ್ಲಂದ್ರ ತಾಯಿ ಉಳಿಯೂದಿಲ್ಲ" ಎಂದಿದ್ದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕುಬಸ ತಪ್ಪುತ್ತಿತ್ತು. ಖಾನಾಪುರವೇನು ಮಹಾ, ಮುಕ್ಕಾಲು ತಾಸಿನ ದಾರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ತವರಿನವರು ಎಲ್ಲ ಸರಿಯಾಗಿ ಮಾಡುತ್ತಾರೋ ಇಲ್ಲವೋ ನೋಡಬೇಕೆಂದು ಅತ್ತೆಯೂ ಹೊರಟರು. ಕಾರು ನಡೆಸುವ ನನ್ನ ಗಂಡನ ಪಕ್ಕ ಅವರು, ನಾನೂ ಬಸುರಿಯೂ ಹಿಂದೆ. ಕಾಕು ಹೊಸ್ತಿಲಲ್ಲೇ ಆರತಿ ಎತ್ತಿದರು. ನಾಯಿ ತಟ್ಟೆಯ ಕುಂಕುಮ ನೆಕ್ಕಿ ಮೂಗು ಕೆಂಪಗೆ ಮಾಡಿಕೊಂಡಳು. ಕೊರಳಿಗೆ ಕುಪ್ಪಸದ ಹಸಿರು ಖಣ ಕಟ್ಟಿದ್ದಾಯಿತು. ಅತ್ತೆ ಬೀಗತಿಯ ಗತ್ತಿನಲ್ಲಿ ಕೇಳಿದರು, "ಖಣ ಅಷ್ಟ ಏನ್ರಿ? ಬೀಗರಿಗೆ ಸೀರಿ ಇಲ್ಲೇನ?"

"ಮೊದಲ ಅಳಿಯನ್ನ ತೋರಸ್ರಿ. ಆಮ್ಯಾಲ ಸೀರಿ ಮಾತ" ಎಂದರು ಕಾಕು.

ಅಳಿಯ ಯಾರೆಂಬುದರ ಬಗ್ಗೆ ನಮ್ಮ ಓಣಿಯಲ್ಲಿ ಬರೀ ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಗಂಡ ನಮ್ಮನ್ನು ಬಿಟ್ಟು ಕಾರಿನೊಂದಿಗೆ ಬೆಳಗಾವಿಗೆ ಮರಳಿದ.

ಮೂರನೆಯ ದಿನ ಬೆಳಗ್ಗೆ ಚಹಾ ಹೊತ್ತಿಗೆ ಅವಳು ತನಗೆ ಹಾಸಿಕೊಟ್ಟಿದ್ದ ಹಳೆ ಕೌದಿಯನ್ನು ಕೆರೆಯತೊಡಗಿದಳು. ಆಮೇಲೆ ಹೆರಿಗೆಯ ಬ್ಯಾನಿ ಶುರುವಾಯಿತು. ಒಂದು ತಾಸು ತಿಣುಕಿದಳು. ಒಂದೂವರೆ ತಾಸಾಯಿತು. ನಡುನಡುವೆ ನನ್ನ ಮುಖ ನೋಡುತ್ತಿದ್ದಳು. ನನಗೆ ಆ ನೋಟ ಎದುರಿಸಲಾಗಲಿಲ್ಲ. ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿ, ನಿಮ್ಮ ಮಾತು ಮೀರಿ ಖಾನಾಪುರಕ್ಕೆ ತಂದೆ ಎಂದು ಒದರಿಕೊಂಡೆ.

"ಎಲ್ಲಿಗೂ ಒಯ್ಯಬ್ಯಾಡ್ರಿ ಅಂದಿದ್ನಿಲ್ಲೋ? ಈಗಿಂದೀಗ ಕರಕೊಂಡ ಬರ್ರಿ!" ಎಂದು ರೇಗಿದರು. ಗಂಡನಿಗೆ ಫೋನ್ ಮಾಡಿದರೆ, ಎಷ್ಟು ಜೋರಾಗಿ ಬಂದರೂ ಮುಕ್ಕಾಲು ತಾಸು ಬೇಕು ಎಂದ. ನಾನು ಹಗುರವಾಗಿ ತೆಗೆದುಕೊಂಡಿದ್ದ ಅದೇ ಮುಕ್ಕಾಲು ತಾಸು. ಇವಳು ಸತ್ತರೆ ನನ್ನ ಚೇಷ್ಟೆಗೆ ಸತ್ತಂತೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಒಳಗಿಂದ ಕಾಕು ಕೂಗಿದರು. ಓಡಿ ಹೋದರೆ ಮರಿಯ ಹಿಂಗಾಲು ಕಾಣುತ್ತಿತ್ತು. ಇನ್ನೆರಡು ಬಾರಿ ತಿಣುಕಿದಳು, ಇಡೀ ಮರಿ ಪೊರೆಯ ಸಮೇತ ಕೌದಿಯ ಮೇಲೆ ಜಾರಿತು. ಚೊಚ್ಚಲ ತಾಯಿ ಅದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾ ಮಲಗಿದಳು. ನೆಕ್ಕಬೇಕೆಂದೂ ಕಚ್ಚಿ ಬಿಡಿಸಬೇಕೆಂದೂ ಅವಳಿಗೆ ಗೊತ್ತಿರಲಿಲ್ಲ. ನಾನೇ ಪೊರೆ ಹರಿದೆ.

ಕಾಕು ಬಗ್ಗಲಾರದೆ ಮಂಚದ ಮೇಲಿಂದ ಒದರಿದರು, "ನಾಳ ಕಟ್ಟ, ನಾಳ ಕಟ್ಟ!"

ಕಾಕು ಕನ್ನಡ ಮಾತಿನ ಕೊನೆಯನ್ನು ಸದಾ ನುಂಗುತ್ತಾರೆ, ನಾವೇ ಸೇರಿಸಿಕೊಳ್ಳಬೇಕು. ನಾನು ಸೇರಿಸಿಕೊಂಡೆ: ನಾಳೆ ಕಟ್ಟು. "ನಾಳಿ ಯಾಕ್ರೀ ಕಾಕು? ಅಲ್ಲೀತನಾ ಹಿಂಗ ಇಡೂದೇನ?"

"ನಾಳ ಗ, ನಾಳ!"

"ನಾಳಿ ಅಂದ್ರ ನಾಳಿ, ಎದುರು ಮಾತಾಡಬ್ಯಾಡ" ಎಂದು ಅತ್ತೆ ನನ್ನ ಮೇಲೇ ತಿರುಗಿದರು. "ಅವರ ಕಡೆ ಪದ್ಧತಿ ಹಂಗ ಇದ್ದೀತು!"

ಕಾಕು ಹಣೆ ಬಡಿದುಕೊಂಡು ಸೀರೆಯ ಮೇಲಿಂದಲೇ ತಮ್ಮ ಹೊಕ್ಕುಳಿಗೆ ಬೆರಳಿಟ್ಟು ತೋರಿಸಿದರು. ಆಗ ನನ್ನ ತಲೆಗೆ ಹೊಕ್ಕಿತು: ಅವರ ಮರಾಠಿಯಲ್ಲಿ ನಾಳ ಎಂದರೆ ಹೊಕ್ಕುಳಬಳ್ಳಿ. ಕುದಿಸಿಟ್ಟಿದ್ದ ದಾರ ಬಿಗಿದು ಬಳ್ಳಿ ಕತ್ತರಿಸಿದೆ. ನಮ್ಮ ಜಗಳದಲ್ಲಿ ಎಷ್ಟು ಹೊತ್ತು ಕಳೆದಿತ್ತೋ, ಮರಿ ಮಾತ್ರ ಮಿಸುಕಲಿಲ್ಲ. ಟವೆಲಿನಲ್ಲಿ ತಿಕ್ಕಿದೆ.

"ಕೊಡ ಇಲ್ಲಿ" ಎಂದು ಅತ್ತೆ ಮರಿಯನ್ನು ಕಸಿದುಕೊಂಡರು.

ಮೂರು ವರ್ಷ ನಾಯಿ ಮುಟ್ಟದವರು ನೆಲದ ಮೇಲೆ ಕಾಲು ಚಾಚಿ ಕುಳಿತು, ಮರಿಯ ತಲೆ ಕೆಳಗೆ ಮಾಡಿ, ಉಟ್ಟ ಸೀರೆಯ ಸೆರಗಿನಿಂದಲೇ ಬಾಯಿ ಮೂಗು ಒರೆಸಿ ಬೆನ್ನು ತಿಕ್ಕತೊಡಗಿದರು. "ಅಳ, ಅಳ ನಮ್ಮವ್ವ, ಒಮ್ಮೆ ಅಳ." ತಾಯಿ ನಾಯಿ ತಲೆಯೆತ್ತಿ ಅತ್ತೆಯ ಕೈಯನ್ನೇ ನೋಡುತ್ತಿದ್ದಳು.

ಮರಿ ಕೀಚ್ ಎಂದಿತು.

ಎರಡನೆಯದು ಹತ್ತೇ ನಿಮಿಷದಲ್ಲಿ ಸಲೀಸಾಗಿ ಬಂತು. ಈ ಸಲ ಅವಳೇ ಪೊರೆ ಹರಿದಳು, ಅವಳೇ ಬಳ್ಳಿ ಕಡಿದಳು, ನಾವ್ಯಾರೂ ಬೇಡವೆಂಬಂತೆ ನೆಕ್ಕಿದಳು. ಹೊಟ್ಟೆ ಸಡಿಲಾಗಿ, ಉಸಿರು ಹದಕ್ಕೆ ಬಂತು. ಹೊರಗೆ ಕಾರಿನ ಹಾರ್ನ್ ಕೇಳಿದಾಗ ನಾನು ಇನ್ನು ತಡೆದುಕೊಳ್ಳಲಾರದೆ ಹೇಳಿದೆ, "ಅತ್ತೀ, ಎಲ್ಲಿಗೂ ಒಯ್ಯಬ್ಯಾಡ್ರಿ ಅಂತ ಡಾಕ್ಟರ್ ಮೊದಲ ಹೇಳಿದ್ರು. ನಾನ ಮುಚ್ಚಿಟ್ಟೆ."

"ಹಿತ್ತಲದಾಗ ನೀ ಫೋನ್‌ನ್ಯಾಗ ಒದರಿದ್ದು ಅರ್ಧ ಖಾನಾಪುರಕ್ಕ ಕೇಳೇತಿ" ಎಂದರು ಅತ್ತೆ. ಬೈಗುಳಕ್ಕೆ ತಲೆ ತಗ್ಗಿಸಿ ಕುಳಿತೆ. ಅವರು ಸೆರಗು ಬಿಡಿಸಿ ಮರಿಯನ್ನು ನನ್ನ ಅಂಗೈಗೆ ಇಟ್ಟರು. "ಹಿಡಿ. ನನ್ನ ಕೈ ಸೋತಾವು."

ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಬಡಿಯುತ್ತಿತ್ತು. ನನಗೆ ಅಳು ಬಂತು, ಜೋರಾಗಿಯೇ ಬಂತು. ಬೀಗತಿಯರಿಬ್ಬರೂ ಸಮಾಧಾನ ಮಾಡಲು ಬರಲಿಲ್ಲ, ನನ್ನನ್ನು ಅಳಲು ಬಿಟ್ಟರು.