ಹಾಫ್ ಕ್ಲಚ್

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ನಮ್ಮ ಹಳೆಯ ಪುಟ್ಟ ಕಾರು ಮಲವಗೊಪ್ಪ ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಿಡುತ್ತಾ ಪಿಕಪ್ ಕಳೆದುಕೊಂಡಿತು. ರಸ್ತೆ ಬದಿಯ ಗ್ಯಾರೇಜಿನ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಸರೋಜ ಪಕ್ಕದಲ್ಲೇ ಇದ್ದಾಳೆ.

ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. "ಸ್ವಲ್ಪ ದೂರ ಓಡಿಸಿ ಸಾರ್" ಎಂದು ನನ್ನ ಪಕ್ಕ ಕುಳಿತು, ಉದ್ದಕ್ಕೂ ನನ್ನ ಎಡಗಾಲನ್ನೇ ನೋಡಿದ. ವಾಪಸ್ ಬಂದು ಇಳಿದ ಮೇಲೆ ನಕ್ಕ.

"ಕ್ಲಚ್ ಪ್ಲೇಟ್ ಹೋಗಿದೆ. ಪೆಡಲ್ ಮೇಲಿಂದ ಕಾಲೇ ತೆಗಿಯಲ್ವಲ್ಲ ನೀವು. ಹಾಫ್ ಕ್ಲಚ್ಚಲ್ಲೇ ಊರೆಲ್ಲ ಸುತ್ತುತೀರಾ. ಬೇರೆ ಯಾರಾದ್ರೂ ಓಡಿಸ್ತಾರಾ?"

"ಇಲ್ಲ, ನಾನೊಬ್ಬನೇ" ಎಂದೆ.

ಮೊದಲು ಸರೋಜಳೂ ಓಡಿಸುತ್ತಿದ್ದಳು, ಕುಂಸಿಯ ತವರಿಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಹದಿನೈದು ವರ್ಷದ ಹಿಂದೆ ಹೀಗೇ ಪ್ಲೇಟ್ ಸುಟ್ಟಾಗ, ಹೊಸಮನೆಯ ನಮ್ಮ ಬೀದಿಯಲ್ಲಿ ನಾಲ್ಕು ಜನರೆದುರು "ನಿನ್ನ ಕಾಲಿಂದಲೇ ಹಾಳಾಯ್ತು" ಎಂದು ಬೈದು ಅವಳ ಕೈಯಿಂದ ಕೀ ಕಿತ್ತುಕೊಂಡೆ. ಅವಳು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಮರುದಿನ ಅಲ್ಲಿನ ಮೆಕ್ಯಾನಿಕ್ ಕೂಡ ನನ್ನ ಕಾಲನ್ನೇ ದೂರಿದ್ದ. ಅದನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ.

ಇವತ್ತು ಅವಳಿಗೂ ಕೇಳಿಸಿತು. ಅವಳ ಕಡೆ ತಿರುಗಿ, "ಆವತ್ತೂ ತಪ್ಪು ನಂದೇ ಮಾರಾಯ್ತಿ. ನಂಗೆ ಗೊತ್ತಿತ್ತು. ಹೊಸ ಪ್ಲೇಟ್ ಹಾಕಿದ ಮೇಲೆ ನೀನೇ ಓಡಿಸು" ಎಂದೆ.

ಅವಳು ಸಿಟ್ಟಾಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳಿದಳು: "ಕುಂಸೀಲಿ ನಮ್ಮಮ್ಮ ಇದ್ದಾಗ್ಲೇ ನೀವಿದನ್ನ ಹೇಳಿದ್ದಿದ್ರೆ ಓಡಿಸ್ತಿದ್ದೆ ಕಣ್ರೀ. ಈಗ ಯಾರನ್ನ ನೋಡೋಕೆ ಹೋಗ್ಲಿ?"